ಪದಚರ್ಚೆ: ‘ಬಾಯ್’, ‘ಆಂಟಿ’ ಎಂದು ಕರೆದು ಮಾಡಿದ ಅವಮಾನ ಕನ್ನಡದಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ,

ಒಂದು ಅನುವಾದಕ್ಕೆ ನಿಮ್ಮ ಸಹಾಯ ಬೇಕು.

ನನ್ನ ಮಗಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅಮೆರಿಕದ ಅಲಬಾಮಾದವರು. ಕಪ್ಪು ಜನಾಂಗದವರು, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಮನೆತನ. ತಮ್ಮ ಅಪ್ಪ ಅಮ್ಮನ ಬಗ್ಗೆ, ತಮ್ಮ ಚರ್ಚಿನ ಬಗ್ಗೆ ಮೊಮ್ಮಕ್ಕಳಿಗಾಗಿ ಬರೆದಿಟ್ಟಿದ್ದಾರೆ. ಹಾಸನದಲ್ಲಿರುವ ನಮ್ಮ ಬಳಗವೂ ಅದನ್ನು ಓದಬೇಕು ಅಂತ ನನ್ನ ಆಸೆ. ಮದುವೆಯ ಮಾತು ಎದ್ದಾಗ ನಮ್ಮವರಲ್ಲೇ ಕೆಲವರು ಹುಡುಗನ ಹೆಸರು ಕೇಳುವ ಮೊದಲೇ ಬಣ್ಣ ಕೇಳಿದ್ದರು. ಅವರ ಕೈಗಂತೂ ಇದು ಹೋಗಲೇಬೇಕು.

ಕಥೆಯ ಕಾಲ 1950, 60ರ ದಶಕ. ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಜನರಿಗೆ ‘ಮಿಸ್ಟರ್’, ‘ಮಿಸೆಸ್’ ಎನ್ನುತ್ತಿರಲಿಲ್ಲ. ತಲೆ ನರೆತ ಗಂಡಸೂ ಅವರಿಗೆ ‘ಬಾಯ್’. ವಯಸ್ಸಾದವರಾದರೆ ‘ಅಂಕಲ್’, ‘ಆಂಟಿ’. ಇಲ್ಲದಿದ್ದರೆ ಬರೀ ಹೆಸರು. ಅದನ್ನು ಚಿಕ್ಕ ಮಕ್ಕಳೂ ಹಿಡಿದು ಕರೆಯಬಹುದಿತ್ತು. ಹೆಸರು ಕೇಳಿದರೆ ಮೊದಲಕ್ಷರಗಳನ್ನಷ್ಟೇ ಹೇಳಿ ತಪ್ಪಿಸಿಕೊಳ್ಳುತ್ತಿದ್ದ ಗಂಡಸರಿದ್ದರು. ಬೀಗಿತ್ತಿಯ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ.

ಇದು ಸಣ್ಣ ವಿಷಯ ಅಂತ ಯಾರಿಗಾದರೂ ಅನ್ನಿಸಿದರೆ ಮೇರಿ ಹ್ಯಾಮಿಲ್ಟನ್ ಅವರ ವಿಷಯ ಹೇಳಬೇಕು. ನಾಗರಿಕ ಹಕ್ಕುಗಳ ಹೋರಾಟದಲ್ಲಿದ್ದವರು. 1963ರಲ್ಲಿ ಅಲಬಾಮಾದ ಗ್ಯಾಡ್ಸ್‌ಡನ್‌ನ ಕೋರ್ಟಿನಲ್ಲಿ ಸರ್ಕಾರಿ ವಕೀಲ ಅವರನ್ನು ‘ಮೇರಿ’ ಎಂದು ಕರೆದು ಪ್ರಶ್ನೆ ಕೇಳಿದ. ‘ಮಿಸ್ ಹ್ಯಾಮಿಲ್ಟನ್’ ಅನ್ನುವವರೆಗೆ ಉತ್ತರ ಕೊಡುವುದಿಲ್ಲ ಎಂದರು ಅವರು. ಅಷ್ಟಕ್ಕೆ ನ್ಯಾಯಾಂಗ ನಿಂದನೆ ಎಂದು 5 ದಿನ ಜೈಲು, 50 ಡಾಲರ್ ದಂಡ. ಅವರು ಬಿಡಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಆ ಶಿಕ್ಷೆ ರದ್ದಾಯಿತು. ಹೆಸರಿನ ಹಿಂದೆ ಒಂದು ‘ಮಿಸ್’ ಸೇರಿಸಿಕೊಳ್ಳಲು ಅಷ್ಟು ದೂರ ಹೋಗಬೇಕಾಯಿತು.

ಈಗ ನನ್ನ ತೊಡಕು. ಕನ್ನಡದಲ್ಲಿ ನಂಟಿನ ಮಾತು ಮರ್ಯಾದೆಯ ಮಾತು. ಗುರುತಿಲ್ಲದ ಹೆಂಗಸನ್ನು ನಾವು ಅಕ್ಕ, ಅಮ್ಮ, ಅಜ್ಜಿ ಅಂತೀವಿ. ಪೇಟೆಯಲ್ಲಿ ಆಂಟಿ ಅಂತೀವಿ. ಹಾಗಾಗಿ ‘ಆಂಟಿ ಎಂದು ಕರೆದರು’ ಎಂದು ಬರೆದರೆ ಹಾಸನದ ಓದುಗರಿಗೆ ಪಕ್ಕದ ಮನೆಯ ಆಂಟಿಯೇ ಕಾಣುತ್ತಾರೆ. ನೋವು ಮುಟ್ಟುವುದೇ ಇಲ್ಲ.

ನಮ್ಮಲ್ಲಿ ಅವಮಾನ ಕೂತಿರುವುದು ಬೇರೆ ಕಡೆ, ಕ್ರಿಯಾಪದದ ಕೊನೆಯಲ್ಲಿ. ‘ಬನ್ನಿ’ಗೂ ‘ಬಾ’ಗೂ ಇರುವ ದೂರ ಎಷ್ಟು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ‘ಆಂಟಿ’ ಪದವನ್ನು ಹಾಗೇ ಉಳಿಸಿಕೊಂಡು ಏಕವಚನ ಕೂಡಿಸಿ ನೋಡಿದೆ: “ಏ ಆಂಟಿ, ಬಾ ಇಲ್ಲಿ.” ಕಿವಿಗೆ ಕೂಡಲೇ ಚುಚ್ಚುತ್ತದೆ, ಅಲ್ವಾ? ‘ಅಜ್ಜಿ’ ಹಾಕಿದರೆ ಈ ಚುಚ್ಚು ಬರುವುದಿಲ್ಲ. “ಅಜ್ಜಿ, ಬಾ” ಎನ್ನುವುದು ಮೊಮ್ಮಕ್ಕಳ ಸಲಿಗೆ. ಸದ್ಯಕ್ಕೆ ನನಗೆ ‘ಆಂಟಿ, ಬಾ’ ಸರಿ ಎನಿಸಿದೆ.

‘ಬಾಯ್’ ಇನ್ನೂ ಕಷ್ಟ. ‘ಹುಡುಗ’ದಲ್ಲಿ ಪ್ರೀತಿ ಜಾಸ್ತಿ. ‘ಲೋ’ ಒಂದೇ ಸಾಕು ಅನ್ನಿಸುತ್ತದೆ. ಆದರೆ ದೊಡ್ಡ ಗಂಡಸನ್ನು ಮಗುವಾಗಿಯೇ ಇಟ್ಟರು ಎನ್ನುವುದು ಅದರಲ್ಲಿ ಬರುವುದಿಲ್ಲ. ಬೆಂಗಳೂರಿನಲ್ಲಿ ಐವತ್ತು ದಾಟಿದವರನ್ನೂ ‘ಆಫೀಸ್ ಬಾಯ್’ ಎನ್ನುತ್ತೇವೆ. ಅದನ್ನು ನೆನೆದರೆ ‘ಬಾಯ್’ ಎಂದೇ ಬಿಡುವುದು ಒಳ್ಳೆಯದೇನೋ.

ಇದಕ್ಕೆ ಸೇರಿದ್ದೇ ಇನ್ನೊಂದು. 1968ರ ಫೆಬ್ರುವರಿಯಲ್ಲಿ ಮೆಂಫಿಸ್ ನಗರದಲ್ಲಿ ಇಬ್ಬರು ಪೌರಕಾರ್ಮಿಕರು, ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್, ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಅವರ ಬೆಂಬಲಕ್ಕೆ ಹೋಗಿದ್ದಾಗಲೇ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಆ ಕಾರ್ಮಿಕರು ಹಿಡಿದ ಫಲಕದಲ್ಲಿ ಇದ್ದದ್ದು ನಾಲ್ಕೇ ಪದ: ‘ಐ ಆ್ಯಮ್ ಎ ಮ್ಯಾನ್’. ‘ಆ್ಯಮ್’ ಕೆಳಗೆ ಒಂದು ಗೆರೆ.

ಇದನ್ನು ‘ನಾನು ಗಂಡಸು’ ಅಂದರೆ ಮೀಸೆ ತಿರುವಿದ ಹಾಗಾಗುತ್ತದೆ. ‘ನಾನು ಮನುಷ್ಯ’ ಅಂದರೆ ‘ಬಾಯ್’ಗೆ ಕೊಟ್ಟ ಉತ್ತರ ಎನ್ನುವುದು ಮರೆಯಾಗುತ್ತದೆ. ‘ನಾನೂ ಒಬ್ಬ ಮನುಷ್ಯ’ ಅಂತ ಮಗಳು ಸೂಚಿಸಿದಳು. ನನಗೆ ಆ ‘ಊ’ ಒಪ್ಪಿಗೆಯಿಲ್ಲ. ಅದರಲ್ಲಿ ‘ದಯವಿಟ್ಟು ನನ್ನನ್ನೂ ಸೇರಿಸಿಕೊಳ್ಳಿ’ ಎನ್ನುವ ಬೇಡಿಕೆ ಇದೆ. ಆ ಜನ ಬೇಡುತ್ತಿರಲಿಲ್ಲ, ಇರುವುದನ್ನು ಹೇಳುತ್ತಿದ್ದರು. ಆ ಗೆರೆಯ ಒತ್ತು ತರಲು ‘ನಾನು ಮನುಷ್ಯನೇ’ ಅಂದರೆ ಯಾರಿಗೋ ಅನುಮಾನ ಇದ್ದಂತೆ. ನಿಮಗೆ ಬೇರೆ ದಾರಿ ಕಾಣುತ್ತದೆಯೇ?

ಬಿಳಿಯರಿಗೆ ಇವರು ಹೇಳುತ್ತಿದ್ದ ‘ಯೆಸ್ ಸರ್’ಗೆ ‘ಹೂಂ ಬುದ್ಧಿ’ ಎಂದು ಹಾಕು ಅಂತ ಗೆಳೆಯರೊಬ್ಬರು ಹೇಳಿದರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ದಲಿತ ಹಿರಿಯರು ಮೇಲ್ಜಾತಿಯ ಹುಡುಗರಿಗೂ ‘ಬುದ್ಧಿ’ ಎನ್ನಬೇಕಿತ್ತು, ಆ ಹುಡುಗರು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಹಾಗಾಗಿ ಆ ಪದ ನೇರ ಎದೆಗೆ ತಾಗುತ್ತದೆ, ನಿಜ. ಆದರೂ ನಾನು ಹಾಕುವುದಿಲ್ಲ. ಹಾಕಿದರೆ ಅಲಬಾಮಾ ಅಳಿಸಿಹೋಗಿ ನಮ್ಮೂರೇ ಉಳಿಯುತ್ತದೆ. ನಮ್ಮೂರಿನ ಕಥೆಯನ್ನು ಹೇಳಬೇಕಾದವರು ಬೇರೆ ಇದ್ದಾರೆ. ಇದು ಬೀಗಿತ್ತಿಯ ಅಪ್ಪನ ಕಥೆ.

ಚರ್ಚಿನ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ವಾರವಿಡೀ ‘ಬಾಯ್’ ಅನ್ನಿಸಿಕೊಂಡ ಮನುಷ್ಯ ಭಾನುವಾರ ಕೋಟು ಹಾಕಿಕೊಂಡು ಸಭೆಯ ಒಳಗೆ ಬಂದರೆ ‘ಡೀಕನ್’ (ಚರ್ಚಿನ ಕೆಲಸಕಾರ್ಯ ನೋಡಿಕೊಳ್ಳುವವರು), ‘ಬ್ರದರ್’. ಮನೆಮನೆಯ ಬಟ್ಟೆ ಒಗೆಯುವ ಹೆಂಗಸು ಅಲ್ಲಿ ‘ಸಿಸ್ಟರ್’. ಬಿಳಿ ಉಡುಪು ತೊಟ್ಟು ಮುಂದಿನ ಸಾಲಿನಲ್ಲಿ ಕೂರುವ ಹಿರಿಯ ಹೆಂಗಸರು ‘ಮದರ್’. ಊರಲ್ಲಿ ಕಿತ್ತುಕೊಂಡ ಮರ್ಯಾದೆಯನ್ನು ಅಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದರು. ಹೋರಾಟದ ಸಭೆಗಳೂ ಅಲ್ಲೇ ನಡೆಯುತ್ತಿದ್ದವು. ದ್ವೇಷ ಇದ್ದವರ ಕಣ್ಣು ಚರ್ಚಿನ ಮೇಲೆ ಬಿದ್ದದ್ದೂ ಅದಕ್ಕೇ. 1963ರ ಸೆಪ್ಟೆಂಬರ್ 15ರ ಭಾನುವಾರ ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಾಂಬ್ ಇಟ್ಟರು. ನಾಲ್ಕು ಹುಡುಗಿಯರು ಸತ್ತರು. ಬೀಗಿತ್ತಿ ಆ ಪುಟದಲ್ಲಿ ಜಾಸ್ತಿ ಏನೂ ಬರೆದಿಲ್ಲ. ನಾಲ್ಕೂ ಹೆಸರು ಪೂರ್ತಿ ಬರೆದಿದ್ದಾರೆ, ಪ್ರತಿ ಹೆಸರಿನ ಹಿಂದೆ ‘ಮಿಸ್’. ಅದನ್ನು ನಾನು ಮುಟ್ಟುವುದಿಲ್ಲ. ಪ್ರಾರ್ಥನೆಗಳಲ್ಲೂ ಗೊಂದಲ ಇಲ್ಲ, ದೇವರಿಗೆ ನಾವೂ ‘ನೀನು’ ಅಂತಲೇ ಅನ್ನುವುದು.

ಆದರೆ ‘ಸಿಸ್ಟರ್’ ಅಂದರೆ ನಮ್ಮವರಿಗೆ ನರ್ಸ್ ಇಲ್ಲವೇ ಕಾನ್ವೆಂಟಿನವರು. ‘ಬ್ರದರ್’ ಈಗ ಆಟೋದವರಿಗೂ ಹೇಳುವ ಮಾತು. ‘ಸಹೋದರಿ’ ಬರೀ ಭಾಷಣ. ಬಸವಣ್ಣ, ಅಕ್ಕಮಹಾದೇವಿ ಎನ್ನುವಾಗಿನ ಅಣ್ಣ, ಅಕ್ಕಗಳಲ್ಲಿ ನನಗೆ ಬೇಕಾದ ತೂಕ ಇದೆ. ಹೆಸರಿಗೆ ಸೇರಿಸಿದರೆ ‘ಸಿಸ್ಟರ್ ರೂತ್’ ‘ರೂತಕ್ಕ’ ಆಗುತ್ತಾರೆ, ‘ಮದರ್ ರೂತ್’ ‘ರೂತಮ್ಮ’. ಕೇಳಲು ಚೆಂದ. ಆದರೆ ಅಲಬಾಮಾದವರು ಕೋಲಾರದವರಾಗಿಬಿಡುತ್ತಾರಾ?

ಗುಂಪಿನಲ್ಲಿ ಕ್ರೈಸ್ತ ಮನೆತನದವರು ಇದ್ದೀರಿ. ನಿಮ್ಮ ಸಭೆಗಳಲ್ಲಿ ಹಿರಿಯ ಹೆಂಗಸರನ್ನು ಏನೆಂದು ಕರೆಯುತ್ತೀರಿ? ಮಂಗಳೂರು, ಧಾರವಾಡ, ಕೊಳ್ಳೇಗಾಲ, ಯಾವ ಕಡೆಯ ರೂಢಿಯಾದರೂ ಸರಿ, ಒಂದೆರಡು ವಾಕ್ಯದ ಜೊತೆ ಬರೆದು ತಿಳಿಸಿ.