ಸಹಾಯ ಬೇಕು: ವಿಕ್ಟೋರಿಯಾದ ಹಳೇ ಚೀನೀ ಸ್ಮಶಾನ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೆನಡಾದ ವ್ಯಾಂಕೂವರ್‌ನಲ್ಲಿ. ಊರಿಂದ ಮಾವ ಬಂದಿದ್ದಾರೆ. ಏಪ್ರಿಲ್ ಮೊದಲ ವಾರ ಅವರನ್ನು ಫೆರಿಯಲ್ಲಿ ವಿಕ್ಟೋರಿಯಾಕ್ಕೆ ಕರೆದುಕೊಂಡು ಹೋಗಿ ಹಾರ್ಲಿಂಗ್ ಪಾಯಿಂಟ್ ಸ್ಮಶಾನ ತೋರಿಸಬೇಕು ಅಂತಿದ್ದೇವೆ. ಸ್ಮಶಾನಕ್ಕೆ ಪಿಕ್ನಿಕ್ಕಾ ಅಂತ ನಗಬೇಡಿ, ಮಾವನೇ ಹಟ ಹಿಡಿದಿದ್ದಾರೆ.

1903ರಲ್ಲಿ ಅಲ್ಲಿನ ಚೀನೀಯರ ಸಂಘ ಕೊಂಡ ಜಾಗ ಅದು. ಎದುರಿಗೆ ಸಮುದ್ರ, ಹಿಂದೆ ದಿಬ್ಬ. ಫೆಂಗ್ ಶುಯಿ, ಅಂದರೆ ಚೀನೀಯರ ವಾಸ್ತು, ನೋಡಿಯೇ ಆರಿಸಿದ್ದಂತೆ. ಹೂಳಿದ ಏಳು ವರ್ಷಕ್ಕೆ ಗುಂಡಿ ತೆಗೆದು, ಮೂಳೆ ತೊಳೆದು ಒಣಗಿಸಿ, ಪೆಟ್ಟಿಗೆಗೆ ತುಂಬಿ ಹಡಗಿನಲ್ಲಿ ಚೀನಾಕ್ಕೆ ಕಳಿಸುತ್ತಿದ್ದರು. ಸ್ವಂತ ಊರಿನ ಮಣ್ಣಿಗೇ ಸೇರಬೇಕಲ್ವಾ! 1937ರಲ್ಲಿ ಜಪಾನ್ ಜೊತೆ ಯುದ್ಧ ಶುರುವಾಗಿ ಹಾಗೆ ಕಳಿಸುವುದು ನಿಂತಿತು. ಪೆಟ್ಟಿಗೆಗಳು, ಹಡಗು ಹತ್ತುವವರೆಗೆ ಅವನ್ನು ಇಡುತ್ತಿದ್ದ ಮೂಳೆಮನೆಯಲ್ಲೇ ಉಳಿದವು. ಕೊನೆಗೆ 1961ರಲ್ಲಿ ಸುಮಾರು 900 ಜನರ ಮೂಳೆಗಳನ್ನು 13 ಗುಂಡಿಗಳಲ್ಲಿ ಅಲ್ಲೇ ಹೂಳಿದರು. ಇದನ್ನು ಹೇಳಿದಾಗ ಮಾವ ಕಾಫಿ ಲೋಟ ಕೆಳಗಿಟ್ಟು, "ಪಾಪ, ಹಡಗಿಗೆ ಕಾಯ್ತಾ ಕೂತಿದ್ದರಲ್ಲ" ಅಂದರು.

ಈಗ ನನ್ನ ಪ್ರಶ್ನೆ. ನಾವು ಹೋಗುವ ಹೊತ್ತಿಗೆ ಚೀನೀಯರ ಹಿರಿಯರ ಹಬ್ಬ ಚಿಂಗ್ ಮಿಂಗ್ ಬರುತ್ತದೆ. ಸಮಾಧಿ ಗುಡಿಸಿ, ಊಟ ಎಡೆಯಿಟ್ಟು, ಊದುಬತ್ತಿ ಹಚ್ಚಿ, ಸತ್ತವರ ಹೆಸರಲ್ಲಿ ಕಾಗದದ ನಕಲಿ ದುಡ್ಡು ಸುಡುತ್ತಾರೆ. ಆ ದಿನ ಹೊರಗಿನವರು ಹೋದರೆ ಬೇಜಾರಾಗುತ್ತಾರಾ? ಫೋಟೋ ತೆಗೆಯಬಹುದಾ? ನಾವೂ ಎರಡು ಹೂವು ಇಡಬಹುದಾ, ಸುಮ್ನೆ ಕೈಮುಗಿದು ಬರುವುದು ಒಳ್ಳೆಯದಾ? ಇನ್ನೊಂದು, ಮಾವನಿಗೆ ಮಂಡಿನೋವು. ಬಸ್ ಇಳಿದ ಮೇಲೆ ನಡೆಯೋದು ಜಾಸ್ತಿ ಇದೆಯಾ?

ಹಾಗೇ ಚೀನೀ ಅಕ್ಷರ ಓದಬಲ್ಲವರು ಯಾರಾದರೂ ಇದ್ದರೆ ಹೇಳಿ. ಕಲ್ಲುಗಳ ಮೇಲೆ ಸತ್ತವರ ಊರಿನ ಹೆಸರೂ ಕೆತ್ತಿರುತ್ತಾರೆ. ಫೋಟೋ ಕಳಿಸುತ್ತೇನೆ, ಒಂದೆರಡು ಓದಿ ಹೇಳಿದರೆ ಸಾಕು.