‘ಟೇಸ್ಟಿಂಗ್ ಫ್ಲೈಟ್’ ಅನ್ನೋದಕ್ಕೆ ‘ಮಣೆ’ ನಡೆಯುತ್ತಾ?

ಗೆಳೆಯರೇ,

ಮೈಸೂರಿನಲ್ಲಿ ನಮ್ಮ ಪರಿಚಯದವರೊಬ್ಬರು ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಸಣ್ಣ ಜಾಗ ಇಟ್ಟಿದ್ದಾರೆ. ಮೇಜಿನ ಮೇಲಿಡುವ ಕಾರ್ಡನ್ನು ಕನ್ನಡದಲ್ಲೂ ಅಚ್ಚು ಹಾಕಿಸಬೇಕು, ಒಂದ್ಸಲ ನೋಡಿಕೊಡಿ ಅಂದರು. ಕಂಪ್ಯೂಟರಿನಲ್ಲಿ ಅನುವಾದ ಮಾಡಿಸಿದ ಹಾಳೆ ಕೈಗಿತ್ತರು. ಮೊದಲ ಸಾಲೇ ‘ನಮ್ಮ ಬಿಯರ್ ವಿಮಾನವನ್ನು ಸವಿಯಿರಿ’. ಅಲ್ಲಿಂದ ಶುರುವಾಯಿತು ನನ್ನ ಪೇಚಾಟ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದೇ ಕಡೆ ಮಾಡಿದ ನಾಲ್ಕೈದು ಬಗೆಯ ಬಿಯರನ್ನು ಪುಟ್ಟ ಪುಟ್ಟ ಗ್ಲಾಸಿನಲ್ಲಿ ಸಾಲಾಗಿ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಟೇಸ್ಟಿಂಗ್ ಫ್ಲೈಟ್ ಅನ್ನುತ್ತಾರೆ. ಇಲ್ಲಿ ಐದು ಗ್ಲಾಸು, ಒಂದೊಂದರಲ್ಲಿ 100 ಮಿಲಿ. ಫ್ಲೈಟ್ ಅಂದರೆ ಇಲ್ಲಿ ವಿಮಾನ ಅಲ್ಲ. ಒಟ್ಟಿಗೆ ಹಾರುವ ಹಕ್ಕಿಗಳ ಗುಂಪಿಗೂ ಆ ಭಾಷೆಯಲ್ಲಿ ಅದೇ ಪದ, ಮೆಟ್ಟಿಲಿನ ಸಾಲಿಗೂ ಅದೇ ಪದ.

ನನಗೆ ಮೊದಲು ಹೊಳೆದದ್ದು ‘ಸಾಲು’. ತಪ್ಪಿಲ್ಲ, ಆದರೆ ಸಪ್ಪೆ. ‘ಸರದಿ’ ಅಂದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೂ ಬಂತು. ಇಲ್ಲಿ ಅದು ಮುಖ್ಯ ಕೂಡ. ತಿಳಿಯಾದದ್ದು ಮೊದಲು, ಕಹಿ ಜಾಸ್ತಿ ಇರುವುದು ಮತ್ತು ಕಪ್ಪಗಿರುವುದು ಕೊನೆಗೆ. ತಿರುಗಾಮುರುಗಾ ಕುಡಿದರೆ ಕಹಿ ನಾಲಿಗೆಯಲ್ಲೇ ಕೂತು, ತಿಳಿ ಬಿಯರು ಬರೀ ನೀರಿನ ಹಾಗೆ ಅನಿಸುತ್ತದೆ. ಆದರೆ ‘ಸರದಿ’ ಅಂದ ಕೂಡಲೇ ನನಗೆ ರೇಷನ್ ಅಂಗಡಿ ಕಣ್ಣಮುಂದೆ ಬರುತ್ತದೆ. ‘ಪಂಕ್ತಿ’ ಅಂದೆ. ಮನೆಯಲ್ಲಿ ಅತ್ತೆಯವರು ಒಂದು ನೋಟ ನೋಡಿದರು, ಅಲ್ಲಿಗೇ ಬಿಟ್ಟೆ.

ಉತ್ತರ ಸಿಕ್ಕಿದ್ದು ಬಡಿಸುವ ಹುಡುಗನ ಬಾಯಲ್ಲಿ. ಮದ್ದೂರಿನ ಕಡೆಯವನು. ಗ್ಲಾಸು ತರುವುದು ಒಂದು ಉದ್ದನೆಯ ಮರದ ಹಲಗೆಯಲ್ಲಿ. ಗ್ಲಾಸು ಕೂರೋಕೆ ಅದರಲ್ಲಿ ಐದು ದುಂಡನೆಯ ಗುಳಿ ಕೊರೆದಿದ್ದಾರೆ. ಥೇಟ್ ಅಳಗುಳಿಮಣೆ, ಹುಣಸೆಬೀಜ ಒಂದಿಲ್ಲ ಅಷ್ಟೆ. ಆ ಹುಡುಗ ಪಕ್ಕದ ಮೇಜಿನವರನ್ನು ಕೇಳಿದ: ‘ಸಾರ್, ಇನ್ನೊಂದ್ ಮಣೆ ಹಾಕ್ಲಾ?’

ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಅಡುಗೆಮನೆಯವರೂ ಅದನ್ನೇ ಅನ್ನುತ್ತಾರಂತೆ: ‘ಮೂರನೇ ಟೇಬಲ್‌ಗೆ ಎರಡು ಮಣೆ.’ ಬಂದವರನ್ನು ಗೌರವದಿಂದ ಕೂರಿಸುವುದಕ್ಕೂ ನಾವು ‘ಮಣೆ ಹಾಕು’ ಅನ್ನುತ್ತೇವಲ್ವಾ, ಆ ಧ್ವನಿಯೂ ಪುಕ್ಕಟೆ ಸಿಕ್ಕಿತು.

ಗೆಳೆಯನೊಬ್ಬ ತಕರಾರು ತೆಗೆದ. ಫ್ಲೈಟ್ ಅಂದರೆ ಒಳಗಿನ ಬಿಯರಿನ ಸಾಲು, ಮಣೆ ಅಂದರೆ ಹೊರಗಿನ ಮರ, ಎರಡೂ ಹೇಗೆ ಒಂದಾಗುತ್ತೆ ಅಂತ. ನನಗೆ ಅದು ತೊಡಕು ಅನ್ನಿಸಲಿಲ್ಲ. ಮದುವೆಮನೆಯಲ್ಲಿ ಅಡುಗೆಯವರು ‘ಮುನ್ನೂರು ಎಲೆ ಆಯ್ತು’ ಅಂದರೆ ನಾವು ಎಲೆ ಎಣಿಸುತ್ತೇವೋ, ಊಟ ಎಣಿಸುತ್ತೇವೋ? ಬಾಳೆ ಎಲೆ ಹೋಗಿ ಕಾಗದದ ಎಲೆ ಬಂದರೂ ಲೆಕ್ಕ ಎಲೆಯಲ್ಲೇ ನಡೆಯುತ್ತಿದೆ. ನಾಳೆ ಇವರು ಸ್ಟೀಲ್ ತಟ್ಟೆಯಲ್ಲಿ ಗ್ಲಾಸಿಟ್ಟು ತಂದರೂ ‘ಮಣೆ’ ಉಳಿದುಕೊಳ್ಳಬಹುದು.

‘ಟೇಸ್ಟಿಂಗ್’ಗೆ ನನಗೆ ಹೊಸ ಪದ ಬೇಕು ಅನ್ನಿಸಲೇ ಇಲ್ಲ. ನಾವು ರುಚಿಯನ್ನೂ ‘ನೋಡು’ತ್ತೇವೆ. ‘ಸಾರಿಗೆ ಉಪ್ಪು ನೋಡು’ ಅಂದರೆ ಸಾರು ಕುಡಿದು ಮುಗಿಸು ಅಂತಲ್ಲ. 100 ಮಿಲಿ ಗ್ಲಾಸಿನ ಉದ್ದೇಶವೂ ಅದೇ. ಹಾಗಾಗಿ ಕಾರ್ಡಿನಲ್ಲಿ ‘ರುಚಿ ನೋಡುವ ಮಣೆ’ ಅಂತ ಬರೆದಿದ್ದೇನೆ.

ಇನ್ನು ಉಳಿದ ಪದಗಳು. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ರುಚಿಗೆ ಹಾಳೆಯಲ್ಲಿ ‘ಒಗರು’ ಅಂತಿತ್ತು. ಇದು ಸರಿಯಲ್ಲ. ಒಗರು ಅಡಿಕೆಗೆ, ಬಾಳೆಕಾಯಿಗೆ, ನೆಲ್ಲಿಕಾಯಿಗೆ. ಅದು ಬಾಯಿ ಒಣಗಿಸುತ್ತದೆ. ಹಾಪ್ಸ್‌ನದು ಕಹಿ, ಹಳಗನ್ನಡದ ಕಯ್ಪೆ. ಆದರೆ ಬರೀ ‘ಕಹಿ’ ಅಂದರೆ ಜನ ಹಾಗಲಕಾಯಿ ನೆನೆಸಿಕೊಂಡು ಮುಖ ಕಿವುಚುತ್ತಾರೆ. ಹಾಗಾಗಿ ಪೇಲ್ ಏಲ್ ಅನ್ನುವ ತಿಳಿಬಣ್ಣದ ಬಿಯರಿಗೆ ‘ಮೆಂತ್ಯದಂಥ ಕಹಿ’, ಸ್ಟೌಟ್ ಅನ್ನುವ ಕಪ್ಪು ಬಿಯರಿಗೆ ‘ಡಿಕಾಕ್ಷನ್ ಕಹಿ’ ಅಂದೆ. ಸ್ಟೌಟ್‌ಗೆ ಚೆನ್ನಾಗಿ ಹುರಿದ ಬಾರ್ಲಿ ಹಾಕುವುದರಿಂದ ಅದು ನಿಜಕ್ಕೂ ಕಾಫಿ ಹತ್ತಿರದ ರುಚಿಯೇ.

ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಎರಡನ್ನೂ ಹಾಕಿರುವುದಿಲ್ಲ, ಹುದುಗು ಬರಿಸುವ ಯೀಸ್ಟ್‌ನ ಕೆಲಸ ಅದು. ಆದರೆ ‘ವಾಸನೆ’ ಅಂತ ಬರೆದರೆ ಮೈಸೂರಿನಲ್ಲಿ ಯಾರೂ ಆ ಗ್ಲಾಸು ಮುಟ್ಟಲಿಕ್ಕಿಲ್ಲ. ‘ಘಮ’ ಮಾಡಿದೆ. ನಂಜನಗೂಡು ರಸಬಾಳೆಯ ಘಮ ಅಂತ ಬರೆಯೋಕೆ ಕೈ ತುರಿಸಿತು, ತಡೆದುಕೊಂಡೆ.

‘ಮಾಲ್ಟ್’ ಇನ್ನೊಂದು ಫಜೀತಿ. ನಮ್ಮಲ್ಲಿ ಮಾಲ್ಟ್ ಅಂದರೆ ರಾಗಿ ಮಾಲ್ಟ್, ಮಕ್ಕಳಿಗೆ ಕುಡಿಸುವುದು! ಮೂಲದಲ್ಲಿ ಅದು ಕುಡಿಯುವ ವಸ್ತುವೇ ಅಲ್ಲ, ಮೊಳಕೆ ಬರಿಸಿ ಒಣಗಿಸಿದ ಕಾಳು. ಬಾರ್ಲಿಗೆ ‘ಜವೆಗೋಧಿ’ ಅಂದರೆ ಅಂಗಡಿಯವನಿಗೇ ತಿಳಿಯುವುದಿಲ್ಲ. ‘ಮೊಳಕೆ ಬಾರ್ಲಿ’ ಸಾಕು ಅಲ್ವಾ?

ಯೀಸ್ಟ್‌ಗೆ ಹಾಳೆಯಲ್ಲಿ ‘ಕಿಣ್ವ’ ಅಂತಿತ್ತು. ತಪ್ಪು ಅಂತ ಹೊಡೆದುಹಾಕುವವನಿದ್ದೆ. ಶಾಲೆಯಲ್ಲಿ ನಾವು ಕಿಣ್ವ ಅಂದರೆ ಎಂಜೈಮ್ ಅಂತ ಓದಿದವರು. ಆಮೇಲೆ ನಿಘಂಟು ತೆಗೆದರೆ, ಸಂಸ್ಕೃತದಲ್ಲಿ ಕಿಣ್ವ ಅಂದರೆ ಮದ್ಯ ಹುಳಿ ಬರಿಸೋಕೆ ಹಾಕುತ್ತಿದ್ದ ಹೆಪ್ಪಿನಂಥದ್ದೇ! ಎಂಜೈಮ್ ಅನ್ನುವುದೂ ಗ್ರೀಕಿನಲ್ಲಿ ‘ಹುದುಗಿನ ಒಳಗೆ’ ಅಂತಲೇ. ಎರಡೂ ಪದ ಹುದುಗಿನ ಪಾತ್ರೆಯಿಂದ ಎದ್ದು ವಿಜ್ಞಾನದ ಪಾಠಕ್ಕೆ ಹೋಗಿವೆ. ಈಗ ಕಿಣ್ವವನ್ನು ವಾಪಸ್ ಕರೆತಂದರೆ ಗೊಂದಲ ಜಾಸ್ತಿ. ಯೀಸ್ಟ್ ಅಂತಲೇ ಬಿಟ್ಟೆ.

ಕ್ರಿಯಾಪದಕ್ಕೂ ಸಿಕ್ಕಿಬಿದ್ದಿದ್ದೇನೆ. ಹೆಂಡ ಇಳಿಸುತ್ತಾರೆ, ಸಾರಾಯಿ ಕಾಯಿಸುತ್ತಾರೆ. ಬಿಯರನ್ನು? ಕುದಿಸುವುದೂ ಉಂಟು, ಹುದುಗು ಬರಿಸುವುದೂ ಉಂಟು. ಸದ್ಯಕ್ಕೆ ಸುಮ್ನೆ ‘ಇಲ್ಲೇ ಮಾಡಿದ ಬಿಯರ್’ ಅಂತ ಹಾಕಿದ್ದೇನೆ.

ಮಂಡ್ಯ ಕಡೆಯವರಿಗೆ ಒಂದು ಪ್ರತ್ಯೇಕ ಪ್ರಶ್ನೆ. ಪಾಂಡವಪುರದ ಹತ್ತಿರ ನಮ್ಮ ಮಾವನವರ ಊರಿನ ಆಲೆಮನೆಗೆ ಹೋದರೆ ಮೊದಲು ಗಾಣದ ಕಬ್ಬಿನ ಹಾಲು ಕೊಡುತ್ತಾರೆ, ಆಮೇಲೆ ಕೊಪ್ಪರಿಗೆಯ ಪಾಕ, ಕಡೆಗೆ ಅಚ್ಚಿಗೆ ಹೋಗುವ ಮುಂಚಿನ ಬಿಸಿ ಬೆಲ್ಲ. ಒಂದೇ ಕಬ್ಬು, ತಿಳಿಯಿಂದ ಗಟ್ಟಿಗೆ ಮೂರು ರುಚಿ. ನಮ್ಮ ಮನೆಯಲ್ಲಿ ಅದಕ್ಕೆ ಯಾವ ಹೆಸರೂ ಕೇಳಿಲ್ಲ. ನಿಮ್ಮ ಊರಲ್ಲಿ ಈ ಮೂರನ್ನೂ ಸೇರಿಸಿ ಹೇಳುವ ಮಾತು ಇದೆಯಾ? ಇದ್ದರೆ ದಯವಿಟ್ಟು ತಿಳಿಸಿ. ಕಾರ್ಡು ಇನ್ನೂ ಅಚ್ಚಿಗೆ ಹೋಗಿಲ್ಲ. ಅಂಥ ಮಾತು ಸಿಕ್ಕರೆ ಮಣೆಯನ್ನು ಬೇಕಾದರೂ ಎತ್ತಿಡುತ್ತೇನೆ.