ಪದಚರ್ಚೆ: ರೇಸಿನ ‘ಸರ್ಕ್ಯೂಟ್’ – ಕಣವೋ, ಹಾದಿಯೋ?

ಬಹ್ರೇನ್‌ನ ಸಖೀರ್‌ನಲ್ಲಿರುವ ಕಾರ್ ರೇಸಿನ ಸರ್ಕ್ಯೂಟ್ ಬಗ್ಗೆ ಮಕ್ಕಳಿಗೆ ಅಂತ ಎರಡು ಪುಟ ಬರೆಯಲು ಕೂತಿದ್ದೆ, ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಸರ್ಕ್ಯೂಟ್’ ಅಂತಲೇ ಬರೆದೆ. ಅಕ್ಕನ ಮಗ ಓದಿ “ಅಲ್ಲಿ ಕರೆಂಟ್ ಹರಿಯುತ್ತಾ?” ಅಂದ. 2014ರಿಂದ ಅಲ್ಲಿ ದೊಡ್ಡ ದೀಪಗಳ ಬೆಳಕಲ್ಲಿ ರಾತ್ರಿ ರೇಸ್ ನಡೆಸುತ್ತಾರೆ, ಹಾಗಾಗಿ ಅವನು ಹೇಳಿದ್ದೂ ಪೂರ್ತಿ ತಪ್ಪಲ್ಲ ಬಿಡಿ.

ನನ್ನ ನಿಜವಾದ ತೊಡಕು ಬೇರೆ. ಸರ್ಕ್ಯೂಟ್ ಅಂದರೆ ಜಾಗವಾ, ಅಥವಾ ಆ ಜಾಗದೊಳಗೆ ಕಾರು ಓಡುವ ಹಾದಿಯಾ? ಬೇರೆ ಕಡೆ ಈ ಪ್ರಶ್ನೆ ಏಳದೇ ಇರಬಹುದು, ಸಖೀರ್‌ನಲ್ಲಿ ಏಳುತ್ತದೆ. ರೇಸಿನ ಜಾಗಗಳ ವಿನ್ಯಾಸಕಾರ ಹರ್ಮನ್ ಟಿಲ್ಕೆ ರೂಪಿಸಿದ ಈ ಜಾಗದಲ್ಲಿ 2004ರ ಏಪ್ರಿಲ್ 4ರಂದು ಮೊದಲ ಗ್ರ್ಯಾನ್ ಪ್ರಿ (ಫಾರ್ಮುಲಾ ಒನ್ ಕಾರ್ ರೇಸ್ ಸರಣಿಯ ಒಂದು ರೇಸ್) ನಡೆಯಿತು, ಚಾಲಕ ಮೈಕಲ್ ಶೂಮಾಕರ್ ಗೆದ್ದರು, ಮಧ್ಯಪ್ರಾಚ್ಯಕ್ಕೆ ಅದೇ ಮೊದಲ ಫಾರ್ಮುಲಾ ಒನ್. ಆಗಲೂ ಈಗಲೂ ಮಾಮೂಲಾಗಿ ಓಡುವ ಹಾದಿ ಸುಮಾರು 5.4 ಕಿ.ಮೀ. 2010ರಲ್ಲಿ ಮಾತ್ರ ಇನ್ನಷ್ಟು ತಿರುವು ಸೇರಿಸಿದ 6.299 ಕಿ.ಮೀ. ಹಾದಿಯಲ್ಲಿ ಓಡಿಸಿದರು. 2020ರಲ್ಲಂತೂ ಒಂದು ವಾರದ ಅಂತರದಲ್ಲಿ ಎರಡು ರೇಸ್: ಮೊದಲನೆಯದು ಮಾಮೂಲಿ ಹಾದಿಯಲ್ಲಿ 57 ಸುತ್ತು, ಎರಡನೆಯದು ಒಳಗಿನ ತಿರುವೆಲ್ಲ ಬಿಟ್ಟು ಹೊರಹಾದಿಯಲ್ಲಿ 87 ಸುತ್ತು. ಆ ಹೊರಹಾದಿ ಬರೀ 3.543 ಕಿ.ಮೀ., ಒಂದು ನಿಮಿಷದೊಳಗೆ ಒಂದು ಸುತ್ತು ಮುಗಿದೇ ಹೋಗುತ್ತಿತ್ತು. ಗುಣಿಸಿ ನೋಡಿ, ಎರಡೂ ಸುಮಾರು 308 ಕಿ.ಮೀ.! ರೇಸಿನ ದೂರ 305 ಕಿ.ಮೀ. ದಾಟಬೇಕು ಅನ್ನುವ ನಿಯಮದ ಲೆಕ್ಕ ಅದು. ಇದನ್ನೆಲ್ಲ ‘ಅದೇ ಸರ್ಕ್ಯೂಟ್, ಬೇರೆ ಸರ್ಕ್ಯೂಟ್’ ಅಂತ ಬರೆದರೆ ಮಕ್ಕಳಿಗೆ ಏನು ಅರ್ಥವಾಗಬೇಕು?

ಲ್ಯಾಟಿನ್ ಮೂಲದಲ್ಲಿ ಸರ್ಕ್ಯೂಟ್ ಅಂದರೆ ಸುತ್ತಿ ಬರುವುದು. ಅಲ್ಲಿನವರ ಅರಬ್ಬಿ ಹೆಸರಲ್ಲಿ ಇರುವುದು ‘ಹಲ್ಬಾ’. ಪಂದ್ಯಕ್ಕೆ ಅಂತ ಎಲ್ಲ ಕಡೆಯಿಂದ ತಂದು ಸೇರಿಸಿದ ಕುದುರೆಗಳಿಗೆ ಹಳೆಯ ಅರಬ್ಬಿಯಲ್ಲಿ ಹಲ್ಬಾ ಅನ್ನುತ್ತಿದ್ದರು, ಆಮೇಲೆ ಓಡುವ ಜಾಗಕ್ಕೂ ಅದೇ ಹೆಸರಾಯಿತು. ನನಗೆ ಇದು ತುಂಬಾ ಹಿಡಿಸಿತು. ಕುದುರೆ ಹೋಗಿ ಕಾರು ಬಂತು, ಪದ ಅಲ್ಲೇ ಉಳಿಯಿತು.

ನಮ್ಮಲ್ಲಿ ಅಂಥದ್ದು ಏನಿದೆ ಅಂತ ಹುಡುಕಿದೆ. ಕಂಬಳದಲ್ಲಿ ಕೋಣಗಳು ಓಡುವ ‘ಕರೆ’ ಮೊದಲು ನೆನಪಾಯಿತು. ಆದರೆ ಅದು ಕೆಸರು ನೀರಿನಲ್ಲಿ ನೇರ ಓಟ, ಕೊನೆಯ ದಿಬ್ಬ ‘ಮಂಜೊಟ್ಟಿ’ ಮುಟ್ಟಿದರೆ ಮುಗಿಯಿತು. (ಸಖೀರ್‌ನಲ್ಲಿ ನೇರ ಓಟದ ಡ್ರ್ಯಾಗ್ ರೇಸಿಗೇ ಬೇರೆ ಪಟ್ಟಿ ಇದೆ. ಅದಕ್ಕೆ ಬೇಕಾದರೆ ‘ಕರೆ’ ಅನ್ನಬಹುದು.) ಕೊನೆಗೆ ‘ಕಣ’ಕ್ಕೆ ಬಂದು ನಿಂತೆ. ಚುನಾವಣಾ ಕಣ ಅಲ್ಲ, ಒಕ್ಕಲು ಕಣ. ಅದು ಜಾಗವೂ ಹೌದು, ನಡುವೆ ಮೇಟಿ ಕಂಬ ನೆಟ್ಟು ಎತ್ತುಗಳು ಅದರ ಸುತ್ತ ಸುತ್ತುವುದೂ ಹೌದು. ಸುತ್ತುವ ಅರ್ಥ ಒಳಗೇ ಕೂತಿದೆ, ಅಲ್ವಾ? ಹಾಗಾಗಿ ಜಾಗಕ್ಕೆ ‘ರೇಸ್ ಕಣ’, ಓಡುವ ದಾರಿಗೆ ‘ಹಾದಿ’. ಒಂದೇ ಕಣ, ಹಲವು ಹಾದಿ. ನಿಮಗೆ ಸರಿ ಅನ್ನಿಸುತ್ತಾ?

‘ಲ್ಯಾಪ್’ಗೆ ‘ಸುತ್ತು’ ಸಾಕು ಅಂದುಕೊಂಡಿದ್ದೆ. ಆದರೆ ಪತ್ರಿಕೆಗಳು ವರ್ಷದ ಸರಣಿಯ ಒಂದೊಂದು ರೇಸಿಗೂ ಸುತ್ತು ಅನ್ನುತ್ತವೆ, 2004ರಲ್ಲಿ ಬಹ್ರೇನ್ ಮೂರನೇ ಸುತ್ತು, ಆ ಮೂರನೇ ಸುತ್ತಿನಲ್ಲಿ 57 ಸುತ್ತು, ಓದುವವರ ತಲೆಯೇ ಸುತ್ತು. ಗೆಳೆಯರೊಬ್ಬರು ‘ಪ್ರದಕ್ಷಿಣೆ’ ಅಂದರು. ತಮಾಷೆಗೆ ಹೇಳಿದ್ದು, ಆದರೆ ಸಖೀರ್‌ನಲ್ಲಿ ಕಾರುಗಳು ಬಲಸುತ್ತೇ ಬರುವುದು! ಅಬುಧಾಬಿಯಲ್ಲಿ ಎಡಸುತ್ತು, ಅಲ್ಲಿ ಕೆಡುತ್ತದೆ.

ಇನ್ನೊಂದು. ‘ಮರಳುಗಾಡಿನ ಕಣ’ ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಮರಳು ಇದೆ, ಗಾಳಿಗೆ ಹಾದಿಯ ಮೇಲೆ ಬಂದು ಕೂರುತ್ತದೆ, ಅದನ್ನು ತಡೆಯಲು ಸುತ್ತಲಿನ ಮರಳಿನ ಮೇಲೆ ಅಂಟು ಸಿಂಪಡಿಸಿದ್ದೂ ಉಂಟು. ಆದರೆ ಅರಬ್ಬಿಯಲ್ಲಿ ‘ಸಖ್ರ್’ ಅಂದರೆ ಬಂಡೆ, ಅದೇ ಮೂರು ಅಕ್ಷರ ಸಖೀರ್ ಹೆಸರಲ್ಲೂ ಇವೆ. ಮಜಾ ನೋಡಿ, ಬಂಡೆಯ ಹೆಸರಿನ ಊರಿನ ಹಾದಿಗೆ ಜಲ್ಲಿ ಬಂದದ್ದು ಮಾತ್ರ ಇಂಗ್ಲೆಂಡಿನ ಕಲ್ಲುಗಣಿಯಿಂದ, ಹಡಗಿನಲ್ಲಿ. ಟೈರಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ ಅಂತ. ಸದ್ಯಕ್ಕೆ ‘ಮರುಭೂಮಿ’ ಅಂತಲೇ ಬಿಟ್ಟಿದ್ದೇನೆ. ‘ಮರಳುಹಾದಿ’ ಅನ್ನೋಣವಾ ಅಂತಲೂ ಒಮ್ಮೆ ಹೊಳೆದಿತ್ತು, ಮರಳಲ್ಲೇ ಇರುವ, ಹೊರಟಲ್ಲಿಗೇ ಮರಳುವ ಹಾದಿ. ನಮ್ಮ ಮನೆಯಲ್ಲಿ ಅದನ್ನು ‘ಮರುಳುಹಾದಿ’ ಅಂತ ಓದಿ ನಕ್ಕರು, ಕೈಬಿಟ್ಟೆ.

ಕೊನೆಯದಾಗಿ, ಕಾರು ತಿರುವು ತಪ್ಪಿ ಹೊರಗೆ ಹೋದರೆ ನಿಲ್ಲಲಿ ಅಂತ ಬಿಟ್ಟಿರುವ ಅಗಲದ ಜಾಗಕ್ಕೆ ಏನನ್ನುತ್ತೀರಿ? ‘ಬದು’ ಅಂತ ಬರೆದಿದ್ದೆ, ಆದರೆ ಬದು ಎತ್ತರ ಇರುತ್ತದೆ, ಕಾರು ಎಗರಿಬಿಡುತ್ತದೆ. ಹೊಲಗದ್ದೆಯ ಕಡೆಯವರು ಬೇರೆ ಪದ ಇದ್ದರೆ ಹೇಳಿ.